ಪ್ರೆಜ್ಮೆರ್ ಚರ್ಚ್ ಕೋಟೆ: 1:200 ಮಾದರಿ ಕಟ್ಟಿದ್ದು ಹೀಗೆ

ಎರಡಡಿ ಉದ್ದ, ಎರಡಡಿ ಅಗಲದ ಪ್ಲೈವುಡ್ ಹಲಗೆ. ನಡುವೆ ಒಂದು ಚರ್ಚು, ಅದರ ಸುತ್ತ ದುಂಡಗೆ ಒಂದು ದಪ್ಪ ಗೋಡೆ, ಗೋಡೆಯ ಒಳಮೈಗೆ ಅಂಟಿಕೊಂಡು 270ಕ್ಕೂ ಜಾಸ್ತಿ ಕೋಣೆಗಳು. ರೊಮೇನಿಯಾದ ಟ್ರಾನ್ಸಿಲ್ವೇನಿಯಾದಲ್ಲಿರುವ ಪ್ರೆಜ್ಮೆರ್ ಅನ್ನೋ ಹಳ್ಳಿಯ ಚರ್ಚ್ ಕೋಟೆ ಇದು. ಮನೆಯ ಮೇಜಿನ ಮೇಲೆ ಇದರ ಮಾದರಿ ಕಟ್ಟಿ ಮುಗಿಸಿದ್ದೇನೆ. ಯಾವ ಸಾಮಾನು ಕೆಲಸಕ್ಕೆ ಬಂತು, ಯಾವುದು ಬರಲಿಲ್ಲ, ಯಾವ ಭಾಗಕ್ಕೆ ತಾಳ್ಮೆ ಬೇಕು ಅನ್ನೋದನ್ನ ಬರೆದಿಡುತ್ತಿದ್ದೇನೆ.

ಬುಖಾರೆಸ್ಟಿಗೆ ಕೆಲಸದ ಮೇಲೆ ಹೋಗಿದ್ದಾಗ ಬಿಡುವಿನ ದಿನ ರೈಲು ಹಿಡಿದು ಬ್ರಾಶೋವ್‌ಗೆ ಹೋದೆ. ಅಲ್ಲಿಂದ ಪ್ರೆಜ್ಮೆರ್ ಹತ್ತಿರ. ಫೋನಿನಲ್ಲಿ ಸಿಕ್ಕಾಪಟ್ಟೆ ಫೋಟೋ ತೆಗೆದೆ, ಒಂದೆರಡು ಕಡೆ ಹೆಜ್ಜೆ ಹಾಕಿ ಅಳೆದೆ. ಉಳಿದದ್ದಕ್ಕೆ ಉಪಗ್ರಹ ನಕ್ಷೆಯ ಮೇಲೆ ಸ್ಕೇಲ್ ಇಟ್ಟುಕೊಂಡೆ. ಆ ಕಡೆ ಇಂಥ ಚರ್ಚುಗಳು ಇವತ್ತಿಗೂ 150ರಷ್ಟು ಇವೆ. ಬಿಯೆರ್ತಾನ್ ಅನ್ನೋ ಊರಿನದು 1993ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. 1999ರಲ್ಲಿ ಪ್ರೆಜ್ಮೆರ್, ವಿಸ್ಕ್ರಿ, ಸಾಸ್ಕಿಜ್ ಮುಂತಾದ ಇನ್ನೂ ಆರು ಊರುಗಳು ಸೇರಿದವು. ನೋಡೋಕೆ ಚೆಂದ ಬೇಕು ಅಂದರೆ ಗುಡ್ಡದ ಮೇಲಿರುವ ಬಿಯೆರ್ತಾನೇ ಸರಿ. ಆದರೆ ಗುಡ್ಡ ಮಾಡೋದಕ್ಕೇ ಅರ್ಧ ಕೆಲಸ ಹೋಗುತ್ತೆ. ಪ್ರೆಜ್ಮೆರ್ ಇರೋದು ಸಮತಟ್ಟು ನೆಲದ ಮೇಲೆ. ಅದಕ್ಕಿಂತ ದೊಡ್ಡ ಕಾರಣ ಆ ಗೋಡೆ. ಹೊರಗಿನಿಂದ ನೋಡಿದರೆ ಏನೂ ಕಾಣದ ಬೋಳು ಗೋಡೆ. ಒಳಗೆ ಹೋಗಿ ತಿರುಗಿ ನೋಡಿದರೆ ಬರೀ ಬಾಗಿಲು, ಮೆಟ್ಟಿಲು, ಮರದ ಪಡಸಾಲೆ. ಆ ಎರಡು ಮುಖಗಳನ್ನ ಒಂದೇ ಮಾದರಿಯಲ್ಲಿ ತೋರಿಸಬೇಕು ಅನ್ನೋದೇ ನನ್ನ ಆಸೆ.

1:200, ಅಂದರೆ ನಿಜದ ಇನ್ನೂರರಲ್ಲಿ ಒಂದು ಪಾಲು ಯಾಕೆ? ಗೋಡೆಯ ಎತ್ತರ 12 ಮೀಟರ್ ಅಂತ ಲೆಕ್ಕ. ಈ ಅಳತೆಯಲ್ಲಿ ಅದು 6 ಸೆಂ.ಮೀ. ಮನುಷ್ಯ 8-9 ಮಿ.ಮೀ. ಇದಕ್ಕಿಂತ ಚಿಕ್ಕದಾದರೆ ಬಾಗಿಲುಗಳು ಬರೀ ಚುಕ್ಕೆ ಆಗುತ್ತವೆ. ದೊಡ್ಡದಾದರೆ ಮನೆಯಲ್ಲಿ ಇಡೋಕೆ ಜಾಗ ಇಲ್ಲ.

ಹಲಗೆ ಮತ್ತು ಚರ್ಚು

ಹಲಗೆಗೆ 12 ಎಂಎಂ ಪ್ಲೈ ಸಾಕು ಅಂದುಕೊಂಡಿದ್ದೆ. ಅಂಗಡಿಯಲ್ಲಿದ್ದ ಬಡಗಿ, "ಬೇಡ ಸಾರ್, ಮಳೆಗಾಲದಲ್ಲಿ ತಿರುಚಿಕೊಳ್ಳುತ್ತೆ, 18 ಹಾಕಿ, ಕೆಳಗೆ ಎರಡು ರೀಪು ಹೊಡೀರಿ" ಅಂದ. ಅವನ ಮಾತು ಕೇಳಿದ್ದು ಒಳ್ಳೇದೇ ಆಯ್ತು. ಒಳಗಿನ ಅಂಟೆಲ್ಲ ಒಣಗುವಾಗ ಎಳೆಯುತ್ತೆ. ಹಲಗೆ ಗಟ್ಟಿ ಇಲ್ಲದಿದ್ದರೆ ಉಂಗುರದ ಗೋಡೆ ಒಂದು ಕಡೆ ಎದ್ದು ನಿಲ್ಲುತ್ತೆ.

ಕಟ್ಟುವ ಕ್ರಮವನ್ನ ಹೀಗೆ ಇಟ್ಟುಕೊಂಡೆ. ಮೊದಲು ಚರ್ಚು, ಆಮೇಲೆ ಗೋಪುರ, ಆಮೇಲೆ ಗೋಡೆ, ಕೊನೆಗೆ ಹೊರಗಿನ ಅಂಗಳ. ಇದರಿಂದ ಕೈಗೆ ಅನುಕೂಲ. ಗೋಡೆ ಮೊದಲು ನಿಂತುಬಿಟ್ಟರೆ ನಡುವೆ ಕೈ ಹಾಕೋಕೆ ಆಗಲ್ಲ.

ಆ ಸೀಮೆಗೆ ಜರ್ಮನ್ ಮಾತಾಡುವ ಸ್ಯಾಕ್ಸನ್ನರನ್ನ ಕರೆಸಿ ನೆಲೆ ಮಾಡಿಸಿದವರು ಹಂಗೇರಿಯ ರಾಜರು. 12ನೇ ಶತಮಾನದಲ್ಲಿ ಎರಡನೇ ಗೇಜಾ ಕಾಲದಲ್ಲಿ ಇದು ಶುರುವಾಯಿತು. 1211ರಲ್ಲಿ ಎರಡನೇ ಆಂಡ್ರೂ ರಾಜ ಬ್ರಾಶೋವ್ ಸುತ್ತಲಿನ ನೆಲವನ್ನ ಟ್ಯೂಟಾನಿಕ್ ನೈಟ್ಸ್ ಅನ್ನೋ ಯೋಧ ಸನ್ಯಾಸಿಗಳ ಪಡೆಗೆ ಕೊಟ್ಟ. ಪೂರ್ವದ ಗಡಿ ಕಾಯಿರಿ ಅಂತ. ಅವರು ರಾಜನನ್ನೇ ಲೆಕ್ಕಕ್ಕಿಡದೆ ತಮ್ಮದೇ ಆಳ್ವಿಕೆ ಶುರು ಮಾಡಿದರು. 1225ರಲ್ಲಿ ರಾಜ ಅವರನ್ನ ಓಡಿಸಿಬಿಟ್ಟ. ಪ್ರೆಜ್ಮೆರ್ ಚರ್ಚಿನ ಪಾಯ ಬಿದ್ದದ್ದು ಆ ನಡುವಿನಲ್ಲಿ. 1240ರಲ್ಲಿ ನಾಲ್ಕನೇ ಬೇಲಾ ರಾಜ ಅದನ್ನ ಸಿಸ್ಟರ್ಶಿಯನ್ ಸನ್ಯಾಸಿಗಳ ವಶಕ್ಕೆ ಕೊಟ್ಟ.

ಹೀಗಾಗಿ ಇದು ಸಾಮಾನ್ಯ ಹಳ್ಳಿ ಚರ್ಚಿನ ನಕ್ಷೆಯಲ್ಲ. ನಾಲ್ಕೂ ತೋಳು ಹೆಚ್ಚುಕಡಿಮೆ ಸಮ ಇರುವ ಶಿಲುಬೆ, ಗ್ರೀಕ್ ಶಿಲುಬೆ ಅಂತಾರಲ್ಲ, ಅದು. ಆಮೇಲೆ 16ನೇ ಶತಮಾನದ ಶುರುವಿನಲ್ಲಿ ಪಶ್ಚಿಮದ ತೋಳನ್ನ ಉದ್ದ ಮಾಡಿದರು. ಆದ್ದರಿಂದ ಮೊದಲು ಸಮ ಶಿಲುಬೆಯನ್ನ 3 ಎಂಎಂ ಸನ್‌ಬೋರ್ಡಿನಲ್ಲಿ ಕತ್ತರಿಸಿ ನಿಲ್ಲಿಸಿದೆ. ಪಶ್ಚಿಮದ ತುಂಡನ್ನ ಬೇರೆ ಪೆಟ್ಟಿಗೆಯಾಗಿ ಮಾಡಿ ಸೇರಿಸಿದೆ. ಸೇರಿದ ಗೆರೆಯನ್ನ ಪುಟ್ಟಿ ಹಾಕಿ ಮುಚ್ಚಲಿಲ್ಲ. ಹತ್ತಿರ ಬಂದು ನೋಡಿದವರಿಗೆ ಎರಡು ಕಾಲದ ಕೆಲಸ ಅಂತ ಗೊತ್ತಾಗಲಿ.

ಸನ್‌ಬೋರ್ಡ್ ಅಂದರೆ ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿಯಲ್ಲಿ ಸಿಗುವ ಪಿವಿಸಿ ಹಲಗೆ. ಅಲ್ಲಿ ಉಳಿದ ತುಂಡುಗಳನ್ನ ಕೇಳಿದರೆ ಅಗ್ಗಕ್ಕೆ ಕೊಡುತ್ತಾರೆ. ಕಟ್ಟರ್‌ನಲ್ಲಿ ಬೆಣ್ಣೆ ಕತ್ತರಿಸಿದ ಹಾಗೆ ಹೋಗುತ್ತೆ. ಆದರೆ ಫೆವಿಕಾಲ್ ಇದಕ್ಕೆ ಹಿಡಿಯಲ್ಲ. ಫೆವಿಕ್ವಿಕ್ ಅಥವಾ ರಬ್ಬರ್ ಅಂಟು ಬೇಕು. ಬಣ್ಣ ನಿಲ್ಲಬೇಕಾದರೆ ಮೊದಲು ಸ್ಯಾಂಡ್‌ಪೇಪರಿನಲ್ಲಿ ಮೈ ಉಜ್ಜಿ ಹೊಳಪು ತೆಗೆಯಿರಿ.

ಶಿಲುಬೆಯ ನಡುವೆ ಎಂಟು ಮೂಲೆಯ ಗೋಪುರ. 1461ರದು. ಎಂಟು ಪಟ್ಟಿ ಕತ್ತರಿಸಿ ಪ್ರತಿಯೊಂದರ ಅಂಚನ್ನ 22.5 ಡಿಗ್ರಿ ಓರೆ ಮಾಡಿ ಅಂಟಿಸೋದು ಸರಿಯಾದ ದಾರಿ. ಈ ಗಾತ್ರದಲ್ಲಿ ಅಷ್ಟು ಕಷ್ಟ ಬೇಕಿಲ್ಲ. ಮೌಂಟ್‌ಬೋರ್ಡ್ ಅನ್ನೋ ದಪ್ಪ ರಟ್ಟಿನ ಒಂದೇ ಪಟ್ಟಿಗೆ ಸಮ ಅಂತರದಲ್ಲಿ ಏಳು ಗೆರೆ ಅರ್ಧ ಆಳಕ್ಕೆ ಕೊಯ್ದು, ಕೊಯ್ದ ಕಡೆ ಹೊರಕ್ಕೆ ಬರುವ ಹಾಗೆ ಮಡಚಿ, ತುದಿ ಸೇರಿಸಿದರೆ ಎಂಟು ಮುಖ ತಾನಾಗೇ ಬರುತ್ತೆ. ಒಳಗೆ ಮೇಲೊಂದು ಕೆಳಗೊಂದು ಎಂಟು ಮೂಲೆಯ ಬಿಲ್ಲೆ ಇಟ್ಟರೆ ಸೊಟ್ಟ ಆಗಲ್ಲ.

ಚರ್ಚಿನ ಒಳಗನ್ನ ನಾನು ಮಾಡಲಿಲ್ಲ. ಒಳಗೆ ಪೂಜಾಪೀಠದ ಮೇಲೆ ನಿಲ್ಲಿಸಿದ, ಸುಮಾರು 1450ರ ರೆಕ್ಕೆ ಬಾಗಿಲಿನ ಪೀಠಚಿತ್ರ ಇದೆ, ಟ್ರಾನ್ಸಿಲ್ವೇನಿಯಾದಲ್ಲಿ ಉಳಿದಿರುವ ಇಂಥವುಗಳಲ್ಲೇ ಹಳೆಯದು. ಬೇಕಾದವರು ಚರ್ಚಿನ ಮಾಡನ್ನ, ಅಂದರೆ ಮೇಲಿನ ಇಳಿಜಾರು ಚಾವಣಿಯನ್ನ, ತೆಗೆಯುವ ಹಾಗೆ ಮಾಡಿ ಒಳಗೆ ಅಕ್ಕಿಕಾಳಿನಷ್ಟು ಚಿತ್ರ ಅಂಟಿಸಬಹುದು. ನನಗೆ ಗೋಡೆಯ ಕಡೆಗೇ ಕಣ್ಣು.

ಗೋಡೆ

1421ರಲ್ಲಿ ತುರ್ಕರು ಬ್ರಾಶೋವ್ ಸೀಮೆಗೆ ನುಗ್ಗಿ ಹಾಳು ಮಾಡಿದರು. ಪ್ರೆಜ್ಮೆರ್ ಇರೋದು ಬುಜಾವು ಕಣಿವೆ ದಾರಿಯ ಬಾಯಲ್ಲಿ. ಕಾರ್ಪೇಥಿಯನ್ ಬೆಟ್ಟ ದಾಟಿ ಬರುವವನಿಗೆ ಮೊದಲು ಸಿಗುವ ಊರೇ ಇದು. ರಾಜನ ಸೈನ್ಯ ಬರೋವರೆಗೆ ಕಾಯುತ್ತ ಕೂರೋಕೆ ಆಗುತ್ತಾ? ಊರಿನವರೇ ಚರ್ಚಿನ ಸುತ್ತ ಗೋಡೆ ಕಟ್ಟಿಕೊಂಡರು. ಜಮೀನ್ದಾರನ ಕೋಟೆಯಲ್ಲ ಇದು, ರೈತರ ಕೋಟೆ. ದಪ್ಪ 3 ಮೀಟರಿನಿಂದ ಕೆಲವು ಕಡೆ 5 ಮೀಟರಿನವರೆಗೂ ಹೇಳುತ್ತಾರೆ. ಸುತ್ತ ಕಂದಕದಲ್ಲಿ ನೀರು. ಐವತ್ತು ಸಲ ಮುತ್ತಿಗೆ ಬಿದ್ದಿದೆ, ಸೋತದ್ದು 1611ರಲ್ಲಿ ಗೇಬ್ರಿಯಲ್ ಬಾಥೋರಿಗೆ ಒಂದೇ ಸಲ ಅನ್ನೋದು ಅಲ್ಲಿನವರ ಹೆಮ್ಮೆಯ ಮಾತು. ತಮಾಷೆ ಅಂದರೆ ಅವನು ತುರ್ಕನಲ್ಲ, ಟ್ರಾನ್ಸಿಲ್ವೇನಿಯಾದ್ದೇ ದೊರೆ.

ಮಾದರಿಯಲ್ಲಿ ಈ ದಪ್ಪಕ್ಕೆ ಎರಡು ಪದರ ಮಾಡಿದೆ. ಹೊರಗೊಂದು ಸನ್‌ಬೋರ್ಡ್ ಪಟ್ಟಿ, ಒಳಗೊಂದು, ನಡುವೆ ಥರ್ಮಾಕೋಲ್ ತುಂಡು. ಒಟ್ಟು ದಪ್ಪ ಒಂದೂಮುಕ್ಕಾಲು ಸೆಂ.ಮೀ. ಸನ್‌ಬೋರ್ಡ್ ತಾನಾಗಿ ಬಾಗಲ್ಲ. ಬಗ್ಗಿಸಿ ಅಂಟಿಸಿದರೂ ಬೆಳಗಾಗುವಷ್ಟರಲ್ಲಿ ಬಿಚ್ಚಿಕೊಂಡು ನೆಟ್ಟಗಾಗಿರುತ್ತೆ. ಇದಕ್ಕೆ ಎರಡು ಉಪಾಯ. ಒಳಮೈಗೆ ಪ್ರತಿ 5 ಮಿ.ಮೀ.ಗೆ ಒಂದು ಗೆರೆ ಅರ್ಧ ಆಳಕ್ಕೆ ಕೊಯ್ಯೋದು ಒಂದು. ಹೇರ್ ಡ್ರೈಯರ್ ಹಿಡಿದು ಮೆತ್ತಗೆ ಮಾಡಿ ಬಗ್ಗಿಸೋದು ಇನ್ನೊಂದು. ಹೊರಗಿನ ಪದರಕ್ಕೆ ಎರಡನ್ನೂ ಮಾಡಿದೆ. ಬರೀ ಗೆರೆ ಕೊಯ್ದರೆ ಹೊರಗೆ ಸಣ್ಣ ಸಣ್ಣ ಪಟ್ಟೆ ಕಾಣುತ್ತೆ. ಬಿಸಿ ತಾಗಿಸಿದರೆ ಅದು ನುಣ್ಣಗಾಗುತ್ತೆ. ಬಿಸಿಯಾಗಿದ್ದಾಗಲೇ ದೊಡ್ಡ ಪಾತ್ರೆಗೆ ಸುತ್ತಿ ದಾರ ಬಿಗಿದು ತಣ್ಣಗಾಗಲು ಬಿಟ್ಟೆ. ಆಮೇಲೆ ಅದು ತಿರುಗಿ ನೆಟ್ಟಗಾಗಲಿಲ್ಲ.

ಗೋಡೆ ನಿಲ್ಲಬೇಕಾದ ಜಾಗ ಗುರುತು ಮಾಡೋಕೆ ಸಾಧಾರಣ ಕೈವಾರ ಸಾಲದು. ರೀಪಿನ ತುಂಡಿಗೆ ಒಂದು ತುದಿಯಲ್ಲಿ ಮೊಳೆ, ಇನ್ನೊಂದು ಕಡೆ ಪೆನ್ಸಿಲ್ ಸಿಕ್ಕಿಸಿ ತಿರುಗಿಸಿದರೆ ಆಯ್ತು.

ಹೊರಮೈಗೆ ಮೇಲ್ಗಡೆ ಸಾಲಾಗಿ ಸೀಳುಗಂಡಿ ಕೊರೆದೆ. ಒಂದು ಮಿ.ಮೀ. ಅಗಲ, ಮೂರು ಮಿ.ಮೀ. ಎತ್ತರ. ಕೆಳಗಡೆ ಏನೂ ಇಲ್ಲ. ಅಲ್ಲಿ ನಿಂತು ನೋಡಿದಾಗಲೂ ಹಾಗೇ. ಕಣ್ಣು ಜಾರಿಹೋಗುವಷ್ಟು ಬೋಳು.

ಕೋಣೆಗಳು

ನಿಜವಾದ ಕೆಲಸ ಶುರುವಾಗೋದು ಇಲ್ಲಿಂದ. ಮುತ್ತಿಗೆ ಬಂದಾಗ ಊರಿನ ಪ್ರತಿ ಮನೆಯವರಿಗೂ ಗೋಡೆಯಲ್ಲಿ ಒಂದು ಕೋಣೆ. ಬಾಗಿಲ ಮೇಲೆ ನಂಬರು ಬರೆದಿದೆ. ಅದು ಊರಿನಲ್ಲಿರುವ ಮನೆಯ ನಂಬರು. ಅಪಾಯ ಬಂದಾಗ ಯಾರೂ ಎಲ್ಲಿಗೆ ಅಂತ ಕೇಳಬೇಕಾಗಿರಲಿಲ್ಲ. ಶಾಂತಿಯ ಕಾಲದಲ್ಲಿ ಅದೇ ಕೋಣೆ ಉಗ್ರಾಣ. ಕಾಳುಕಡಿ, ಹೊಗೆ ಹಾಕಿದ ಹಂದಿಮಾಂಸ. ಎಲ್ಲವೂ ಯಾವಾಗಲೂ ಕೋಟೆಯೊಳಗೇ ಇರುತ್ತಿದ್ದರಿಂದ ಓಡಿ ಬರುವಾಗ ಮಕ್ಕಳನ್ನ ಎತ್ತಿಕೊಂಡು ಬಂದರೆ ಸಾಕು. ಒಂದು ಕೋಣೆಯಲ್ಲಿ ಶಾಲೆಯೂ ನಡೆಯುತ್ತಿತ್ತು. ಈಗಲೂ ಹಳೇ ಬೆಂಚು ಹಾಕಿ ತೋರಿಸುತ್ತಾರೆ. ಹೊರಗೆ ಶತ್ರು, ಒಳಗೆ ಮಗ್ಗಿ!

ಕಟ್ಟುವಾಗ ಒಂದು ವಿಷಯ ಕೈಗೆ ತಿಳಿಯುತ್ತೆ. ಉಂಗುರದ ಒಳಗೆ ಕೋಣೆ ಜೋಡಿಸಿದರೆ ಯಾವ ಕೋಣೆಯೂ ಚೌಕ ಬರಲ್ಲ. ಗೋಡೆಯ ಕಡೆ ಅಗಲ, ಬಾಗಿಲ ಕಡೆ ಕಿರಿದು. ನಡುಗೋಡೆಗಳೆಲ್ಲ ವೃತ್ತದ ನಡುವಿಗೆ ಮುಖ ಮಾಡಿರಬೇಕು. ಹಾಗಾಗಿ ಅಂತಸ್ತಿಗೊಂದರಂತೆ ಮೌಂಟ್‌ಬೋರ್ಡಿನ ಉಂಗುರ ಕತ್ತರಿಸಿ, ಮೊಳೆ ಹೊಡೆದಿದ್ದ ಅದೇ ನಡುಬಿಂದುವಿನಿಂದ ದಾರ ಎಳೆದು, ಪ್ರತಿ ಉಂಗುರದ ಮೇಲೂ ಗೆರೆ ಹಾಕಿಕೊಂಡೆ. ಕೋಣೆಯ ಆಳಕ್ಕೆ 2 ಸೆಂ.ಮೀ., ಬಾಗಿಲ ಕಡೆಯ ಅಗಲಕ್ಕೆ ಒಂದೂಕಾಲು ಸೆಂ.ಮೀ. ಕೊಟ್ಟೆ. ಎಲ್ಲ ಕಡೆ ನಾಲ್ಕು ಅಂತಸ್ತು ಇಲ್ಲ, ಕೆಲವು ಕಡೆ ಮೂರೇ. ಫೋಟೋ ನೋಡಿಕೊಂಡು ಬಿಟ್ಟೆ.

ಮೌಂಟ್‌ಬೋರ್ಡಿಗೆ ಫೆವಿಕಾಲ್ ಹಾಕುವಾಗ ತೆಳ್ಳಗೆ ಹಾಕಿ. ನೀರು ಕುಡಿದರೆ ಅಂಚು ಮೇಲಕ್ಕೆ ಮುರುಟುತ್ತೆ. ಒಂದೊಂದು ಅಂತಸ್ತು ಮುಗಿದ ಮೇಲೆ ಅದರ ಮೇಲೆ ದಪ್ಪ ಪುಸ್ತಕ ಹೇರಿ ರಾತ್ರಿ ಹಾಗೇ ಬಿಡೋದು ಒಳ್ಳೇದು.

ಬಾಗಿಲಿಗೆ ಕಾಫಿ ಕಲಕುವ ಮರದ ಕಡ್ಡಿ ತಂದೆ. ಅದರ ಅಗಲ ಸುಮಾರು 5 ಮಿ.ಮೀ., ಅಂದರೆ ನಿಜದಲ್ಲಿ ಒಂದು ಮೀಟರ್. ಸರಿಯಾಗಿ ಹೊಂದಿತು. 9 ಮಿ.ಮೀ.ಗೆ ಒಂದೊಂದು ಕತ್ತರಿಸಿದರೆ 14 ಸೆಂ.ಮೀ. ಕಡ್ಡಿಯಲ್ಲಿ 15 ಬಾಗಿಲು. 270 ಬಾಗಿಲಿಗೆ 18 ಕಡ್ಡಿ ಸಾಕು. ಮರದ ಎಳೆ ಮೇಲಿಂದ ಕೆಳಕ್ಕೆ ಬರುತ್ತೆ, ಹಲಗೆ ಬಾಗಿಲಿನ ಹಾಗೇ ಕಾಣುತ್ತೆ. ಐಸ್‌ಕ್ರೀಂ ಕಡ್ಡಿ ಬೇಡ. ಅಗಲ ಜಾಸ್ತಿ, ಅಡ್ಡಕ್ಕೆ ಕತ್ತರಿಸಿದರೆ ಎಳೆ ಅಡ್ಡಡ್ಡ ಬರುತ್ತೆ.

ಹಳೇ ಮರದ ಬಣ್ಣ ಬರೋಕೆ ಪೇಂಟ್ ಹಚ್ಚಲಿಲ್ಲ. ವಿನಿಗರ್‌ನಲ್ಲಿ ತುಕ್ಕು ಹಿಡಿದ ಮೊಳೆಗಳನ್ನ ಹಾಕಿ ಕೆಲವು ದಿನ ಇಟ್ಟೆ. ಮುಚ್ಚಳ ಬಿಗಿಯಬೇಡಿ, ಗಾಳಿ ಹೊರಗೆ ಹೋಗಬೇಕು. ಬಾಗಿಲುಗಳನ್ನ ಮೊದಲು ಗಟ್ಟಿ ಟೀ ಡಿಕಾಕ್ಷನ್‌ನಲ್ಲಿ ಅದ್ದಿ ಒಣಗಿಸಿ, ಆಮೇಲೆ ಈ ನೀರನ್ನ ಬ್ರಶ್‌ನಲ್ಲಿ ತಾಗಿಸಿದರೆ ಕಣ್ಣೆದುರೇ ಬೂದು ಬಣ್ಣಕ್ಕೆ ತಿರುಗುತ್ತೆ. ಟೀಯಲ್ಲಿರುವ ಟ್ಯಾನಿನ್ ಮತ್ತು ಕಬ್ಬಿಣ ಸೇರಿ ಆಗುವ ಬಣ್ಣ ಅದು. ಒಂದೊಂದು ಬಾಗಿಲು ಒಂದೊಂದು ಥರ ಕಪ್ಪಾಗುತ್ತೆ. ಪೇಂಟಿನಲ್ಲಿ ಆ ವ್ಯತ್ಯಾಸ ತರೋಕೆ ಆಗಲ್ಲ. ಪಾತ್ರೆ ಉಜ್ಜುವ ಸ್ಟೇನ್‌ಲೆಸ್ ಸ್ಟೀಲ್ ನಾರು ಹಾಕಿದರೆ ಏನೂ ಆಗಲ್ಲ, ಅದು ತುಕ್ಕೇ ಹಿಡಿಯಲ್ಲವಲ್ಲ.

ಮೆಟ್ಟಿಲಿಗೆ ಕಿಟಕಿಯ ಸೊಳ್ಳೆ ಜಾಲರಿ. ಅಲ್ಯೂಮಿನಿಯಂ ಜಾಲರಿಯ ಒಂದೊಂದು ಕಣ್ಣು ಒಂದೂವರೆ ಮಿ.ಮೀ. ಒಳಗೇ ಇರುತ್ತೆ. ನಾಲ್ಕು ಕಣ್ಣು ಅಗಲದ ಪಟ್ಟಿ ಕತ್ತರಿಸಿ, ಎರಡೂ ಅಂಚಿಗೆ ಫೆವಿಕ್ವಿಕ್ ಓಡಿಸಿ, ಒಣಗಿದ ಮೇಲೆ ನಡುವಿನ ಉದ್ದ ತಂತಿಗಳನ್ನ ಚಿಮಟದಲ್ಲಿ ಎಳೆದು ತೆಗೆದರೆ ಏಣಿ ಸಿದ್ಧ. ಒಂದು ಅಂತಸ್ತಿನಿಂದ ಇನ್ನೊಂದಕ್ಕೆ ಇವನ್ನ ಓರೆಯಾಗಿ ಅಂಟಿಸಿದೆ. ಪಡಸಾಲೆಯ ಕಟಕಟೆಗೆ ಊದುಬತ್ತಿ ಕಡ್ಡಿ ದಪ್ಪ ಆಯ್ತು. ಹುಲ್ಲು ಪೊರಕೆಯ ಎಳೆ ಸರಿಹೋಯಿತು.

ಅರ್ಧ ಉಂಗುರ ಮುಗಿದಿದ್ದಾಗ ಅಮ್ಮ ಬಂದು ಕನ್ನಡಕ ಏರಿಸಿಕೊಂಡು ನೋಡಿದರು. "ಕೋಟೆ ಅಂದೆ? ಇದು ನಾವು ಮೊದಲು ಇದ್ದ ವಠಾರ ಇದ್ದಂಗಿದೆಯಲ್ಲೋ. ನಲ್ಲಿ ಎಲ್ಲಿ?" ಅಂದರು. ನನಗೆ ಇದಕ್ಕಿಂತ ಸರಿಯಾದ ವಿವರಣೆ ಎಲ್ಲೂ ಸಿಕ್ಕಿಲ್ಲ. ಹೊರಗಿನವನಿಗೆ ಕೋಟೆ, ಒಳಗಿನವನಿಗೆ ವಠಾರ. ಗೋಡೆ ಗಟ್ಟಿ ಇದ್ದದ್ದು ಕಲ್ಲಿನಿಂದ ಮಾತ್ರ ಅಲ್ಲ. ಅದರ ಒಂದೊಂದು ತುಂಡಿನ ಹಿಂದೆಯೂ ಒಬ್ಬೊಬ್ಬರ ಕಾಳಿನ ಮೂಟೆ ಇತ್ತು. ತನ್ನ ಮೂಟೆ ಬಿಟ್ಟು ಯಾರು ಓಡಿಹೋಗುತ್ತಾರೆ?

ಬಾಗಿಲ ಮೇಲೆ ನಂಬರು ಬರೆಯಲು ಹೊರಟರೆ ಈ ಅಳತೆಯಲ್ಲಿ ಅದು ಓದೋಕೆ ಆಗಲ್ಲ. ತೆಳು ಬಿಳಿ ಪೆನ್ನಿನಲ್ಲಿ ಒಂದೊಂದು ಚುಕ್ಕೆ ಇಟ್ಟು ಬಿಟ್ಟೆ.

ದ್ವಾರ

ಒಳಗೆ ಬರೋಕೆ ಒಂದೇ ದಾರಿ. ಕಮಾನು ಚಾವಣಿಯ ಸುರಂಗದಂಥ ಓಣಿ, 30 ಮೀಟರಿನಷ್ಟು ಉದ್ದ. ನಡೆಯುವಾಗ ಬೇಸಿಗೆಯಲ್ಲೂ ತಂಪು ಗಾಳಿ ಮುಖಕ್ಕೆ ಬಡಿಯುತ್ತೆ. ನುಗ್ಗಿದ ಶತ್ರು ಇಲ್ಲಿ ಸಾಲಾಗಿ ಬರಬೇಕು. ಮೇಲಿಂದ ಇಳಿಯುವ ಜಾಲರಿ ಬಾಗಿಲು ಅವನನ್ನ ತಡೆಯುತ್ತಿತ್ತು. ಮಾದರಿಯಲ್ಲಿ ಇದು 15 ಸೆಂ.ಮೀ. ಪೂರ್ತಿ ಮುಚ್ಚಿದರೆ ಯಾರಿಗೂ ಕಾಣಲ್ಲ. ಅದಕ್ಕೆ ಒಂದು ಪಕ್ಕದ ಗೋಡೆ ಕತ್ತರಿಸಿ ತೆಗೆದು ಒಳಗು ಕಾಣುವ ಹಾಗೆ ಇಟ್ಟೆ. ಕಮಾನಿಗೆ ಪಿವಿಸಿ ವೈರಿಂಗ್ ಪೈಪನ್ನ ಉದ್ದಕ್ಕೆ ಅರ್ಧ ಸೀಳಿ ಬಳಸಿದೆ. ಜಾಲರಿ ಬಾಗಿಲಿಗೆ ಅದೇ ಸೊಳ್ಳೆ ಜಾಲರಿ, ಈ ಸಲ ಯಾವ ತಂತಿಯನ್ನೂ ಎಳೆಯದೆ. ಕಣ್ಣಿನ ಅಳತೆ ನಿಜದಲ್ಲಿ 25-30 ಸೆಂ.ಮೀ. ಆಗುತ್ತೆ. ಓಕ್ ಮರದ ಜಾಲರಿಗೆ ಹೇಳಿ ಮಾಡಿಸಿದ ಹಾಗಿದೆ. ಕಂದು ಬಣ್ಣ ಬಳಿದೆ.

ಹೊರಗಿನ ಕಮಾನು ಅಂಗಳ 17ನೇ ಶತಮಾನದ್ದು. ಅಷ್ಟು ಹೊತ್ತಿಗೆ ಕಟ್ಟುವವರಿಗೆ ಅಂದಚಂದದ ಕಡೆಗೂ ಮನಸ್ಸು ಹೋಗಿತ್ತು. ಅದನ್ನ ಬೇಗ ಮುಗಿಸಿದೆ, ಹೇಳೋಕೆ ಹೆಚ್ಚೇನಿಲ್ಲ.

ಇಲ್ಲಿನ ಇನ್ನೊಂದು ಹೆಸರುವಾಸಿ ವಸ್ತು 'ಸಾವಿನ ಆರ್ಗನ್'. ಕೋವಿ ನಳಿಗೆಗಳನ್ನ ಒಂದೇ ಚೌಕಟ್ಟಿಗೆ ಸಾಲಾಗಿ ಜೋಡಿಸಿ ಒಟ್ಟಿಗೆ ಹಾರಿಸುವ ಯಂತ್ರ. ಚರ್ಚಿನಲ್ಲಿ ನುಡಿಸುವ ಆರ್ಗನ್ ವಾದ್ಯದ ಕೊಳವೆಗಳ ಹಾಗೆ ಕಾಣೋದರಿಂದ ಆ ಹೆಸರು. ಗುಂಡುಸೂಜಿ ತುಂಡುಗಳಿಂದ ಒಂದು ಮಾಡಿ ಗೋಡೆಯ ಮೇಲಿನ ಪಡಸಾಲೆಯಲ್ಲಿ ಇಟ್ಟಿದ್ದೇನೆ. ಹೇಳಿದರೆ ಮಾತ್ರ ಕಾಣುತ್ತೆ.

ಮಾಡು ಮತ್ತು ಬಣ್ಣ

ಉಂಗುರದ ಮೇಲೆ ಇಳಿಜಾರು ಮಾಡು ಹೊದಿಸುವಾಗ ಲೆಕ್ಕ ಬೇಕು. ನೇರ ಪಟ್ಟಿ ಕತ್ತರಿಸಿದರೆ ಸುಕ್ಕು ಬೀಳುತ್ತೆ. ಮಾಡು ನಿಜಕ್ಕೂ ಶಂಕುವಿನ ಒಂದು ತುಂಡು. ಅಂಚಿನ ತ್ರಿಜ್ಯವನ್ನ ಇಳಿಜಾರಿನ ಕೋನದ ಕೊಸೈನ್‌ನಿಂದ ಭಾಗಿಸಿದರೆ, ಕಾಗದದ ಮೇಲೆ ಎಳೆಯಬೇಕಾದ ತ್ರಿಜ್ಯ ಸಿಗುತ್ತೆ. ಅಂಚು 20 ಸೆಂ.ಮೀ., ಇಳಿಜಾರು 45 ಡಿಗ್ರಿ ಅಂದುಕೊಳ್ಳಿ. 20 ಭಾಗಿಸು 0.707, ಅಂದರೆ 28.3 ಸೆಂ.ಮೀ. ಆ ಕಮಾನಿನಲ್ಲಿ ತುಂಡು ತುಂಡಾಗಿ ಕತ್ತರಿಸಿದರೆ ಒಂದೂ ಸುಕ್ಕು ಇಲ್ಲದೆ ಕೂರುತ್ತೆ.

ಒಂದೊಂದು ಹೆಂಚು ಮಾಡೋಕೆ ಹೋಗಬೇಡಿ. ಈ ಅಳತೆಯಲ್ಲಿ ಹೆಂಚು ಒಂದು ಮಿ.ಮೀ.ಗೂ ಕಡಿಮೆ. ಮಕ್ಕಳ ನೋಟ್‌ಬುಕ್ಕಿಗೆ ಹಾಕುವ ಬ್ರೌನ್ ಶೀಟನ್ನ ಸಣ್ಣ ಪಟ್ಟಿಯಾಗಿ ಸೀಳಿ, ಕೆಳಗಿನಿಂದ ಮೇಲಕ್ಕೆ ಒಂದರ ಮೇಲೊಂದು ಅರ್ಧ ಮುಚ್ಚುವ ಹಾಗೆ ಅಂಟಿಸಿದರೆ ದೂರದಿಂದ ಹೆಂಚಿನ ಸಾಲೇ. ಇಟ್ಟಿಗೆ ಕೆಂಪು ಬಳಿದು, ಅಲ್ಲಲ್ಲಿ ಕಂದು, ಅಲ್ಲಲ್ಲಿ ಪಾಚಿ ಹಸಿರು ತಾಗಿಸಿ.

ಈ ಕಟ್ಟಡಗಳ ಜೀವ ಇರೋದೇ ಮಾಡಿನಲ್ಲಿ. 1989ರ ಕ್ರಾಂತಿಯಲ್ಲಿ ಅಲ್ಲಿನ ಕಮ್ಯುನಿಸ್ಟ್ ಆಳ್ವಿಕೆ ಬಿದ್ದ ಮೇಲೆ, 1990ರ ಒಂದೇ ವರ್ಷದಲ್ಲಿ ಲಕ್ಷಕ್ಕೂ ಜಾಸ್ತಿ ಜರ್ಮನ್ ಮೂಲದವರು ರೊಮೇನಿಯಾ ಬಿಟ್ಟು ಜರ್ಮನಿಗೆ ಹೋದರು. ಹಳ್ಳಿ ಚರ್ಚುಗಳಲ್ಲಿ ಒಡೆದ ಹೆಂಚು ಬದಲಿಸುವವರೇ ಇಲ್ಲವಾದರು. ಒಂದು ಹೆಂಚು ಜಾರಿದರೆ ನೀರು ಗೋಡೆಯೊಳಕ್ಕೆ ಇಳಿಯುತ್ತೆ, ಸುಣ್ಣದ ಗಾರೆ ಕರಗುತ್ತೆ, ಚಳಿಗಾಲದಲ್ಲಿ ಆ ನೀರು ಹೆಪ್ಪುಗಟ್ಟಿ ಕಲ್ಲನ್ನ ದೂಡುತ್ತೆ. 2016ರ ಫೆಬ್ರವರಿಯಲ್ಲಿ ರೋಡೆಶ್ ಮತ್ತು ರೋತ್‌ಬಾವ್ ಹಳ್ಳಿಗಳಲ್ಲಿ ಚರ್ಚಿನ ಗೋಪುರಗಳು ಕುಸಿದುಬಿದ್ದವು. ಅದೂ ಕೆಲವೇ ದಿನಗಳ ಅಂತರದಲ್ಲಿ. ಪ್ರೆಜ್ಮೆರ್ ಅದೃಷ್ಟ ಚೆನ್ನಾಗಿತ್ತು. 1960ರ ದಶಕದಲ್ಲೇ ದೊಡ್ಡ ದುರಸ್ತಿ ನಡೆದಿತ್ತು, ಈಗ ಪ್ರವಾಸಿಗರ ಟಿಕೆಟ್ ದುಡ್ಡೂ ಬರುತ್ತೆ.

ಗೋಡೆಗೆ ವಾಲ್ ಪುಟ್ಟಿಯನ್ನ ಮಜ್ಜಿಗೆಯಷ್ಟು ತೆಳ್ಳಗೆ ಕಲಸಿ ಬ್ರಶ್‌ನಲ್ಲಿ ಬಳಿದೆ. ದಪ್ಪ ಬಳಿದು ಒರಟು ಮಾಡಬೇಕು ಅನ್ನಿಸುತ್ತೆ, ಮಾಡಬೇಡಿ. 1:200ರಲ್ಲಿ ಒಂದು ಮಿ.ಮೀ. ಉಬ್ಬು ಅಂದರೆ ನಿಜದಲ್ಲಿ 20 ಸೆಂ.ಮೀ. ಉಬ್ಬು. ಒಣಗಿದ ಮೇಲೆ ನುಣ್ಣನೆ ಸ್ಯಾಂಡ್‌ಪೇಪರ್ ಎಳೆದು, ಟೀ ನೀರನ್ನ ಮಾಡಿನ ಅಂಚಿನಿಂದ ಕೆಳಕ್ಕೆ ಒಂದೆರಡು ಕಡೆ ಹರಿಯಬಿಟ್ಟೆ. ಮಳೆ ನೀರು ಇಳಿದ ಕಲೆ ಹಾಗೇ ಬಂತು.

ಕಂದಕಕ್ಕೆ ಮಾತ್ರ ನೀರು ಹಾಕಿಲ್ಲ. ಈಗ ಅಲ್ಲೂ ನೀರಿಲ್ಲ, ಹುಲ್ಲಿದೆ. ಮರದ ಪುಡಿಗೆ ಹಸಿರು ಬಣ್ಣ ಕಲಸಿ ಉದುರಿಸಿದೆ. ಉಂಗುರದ ಗೋಡೆಯನ್ನ ಹಲಗೆಗೆ ಅಂಟಿಸದೆ ಎರಡು ಅರ್ಧಗಳಾಗಿ ಬಿಟ್ಟಿದ್ದೇನೆ, ಸಣ್ಣ ಮ್ಯಾಗ್ನೆಟ್‌ಗಳಿಂದ ಕೂಡಿಕೊಳ್ಳುತ್ತೆ. ಒಂದು ಅರ್ಧ ಎತ್ತಿಟ್ಟರೆ ಇನ್ನೊಂದು ಅರ್ಧದ ಬಾಗಿಲುಗಳು ಪೂರ್ತಿ ಕಾಣುತ್ತವೆ. ಅಕ್ರಿಲಿಕ್ ಮುಚ್ಚಳ ಮಾಡಿಸಬೇಕು, ಧೂಳು ಆ ಮೆಟ್ಟಿಲುಗಳ ನಡುವೆ ಕೂತರೆ ತೆಗೆಯೋಕೆ ಆಗಲ್ಲ. ಅಲ್ಲಿವರೆಗೆ ಹಳೇ ಪಂಚೆ ಹೊದಿಸಿದ್ದೇನೆ.